ಮಂಡಿಗೆ ಸೂಜಿ: ಸ್ಟಿರಾಯ್ಡ್, ಜೆಲ್, ಪಿಆರ್‌ಪಿ

ಮಂಡಿ ನೋವಿಗೆ ಇಂಜೆಕ್ಷನ್ ಹಾಕಿಸಿಕೊಳ್ಳಲೋ ಬೇಡವೋ ಎಂದು ನಾಲ್ಕು ಜನರನ್ನು ಕೇಳಿದರೆ ನಾಲ್ಕೂ ಜನ ತಮ್ಮ ತಮ್ಮ ಮಂಡಿಯ ಕಥೆ ಹೇಳುತ್ತಾರೆ. ಒಬ್ಬರಿಗೆ ಒಂದೇ ಸೂಜಿಗೆ ವರ್ಷವಿಡೀ ಆರಾಮ, ಇನ್ನೊಬ್ಬರಿಗೆ ದುಡ್ಡು ದಂಡ. ನಾನೂ ಈಗ ಹೇಳಹೊರಟಿರುವುದು ನನ್ನ ಮಂಡಿಯ ಕಥೆಯನ್ನೇ. ಆದರೆ ಹೈಸ್ಕೂಲಿನಲ್ಲಿ ವರ್ಷಗಟ್ಟಲೆ ವಿಜ್ಞಾನ ಪಾಠ ಮಾಡಿದವಳು ನಾನು. ಒಂದು ಮಂಡಿಯ ಅನುಭವ ಎಷ್ಟರಮಟ್ಟಿಗೆ ಸಾಕ್ಷಿ ಆದೀತು ಅನ್ನುವ ಅನುಮಾನವನ್ನೂ ಪಕ್ಕದಲ್ಲಿಟ್ಟುಕೊಂಡೇ ಬರೆಯುತ್ತಿದ್ದೇನೆ.

ಊರು ಶಿವಮೊಗ್ಗ, ವಯಸ್ಸು ಅರವತ್ತು ದಾಟಿದೆ. ಶುಗರ್ ಇದೆ, ಮಾತ್ರೆಯಲ್ಲೇ ಹತೋಟಿಯಲ್ಲಿದೆ. ತೂಕ ಇರಬೇಕಾದ್ದಕ್ಕಿಂತ ಜಾಸ್ತಿ. ಬಲ ಮಂಡಿ ಮೊದಲು ತಕರಾರು ತೆಗೆದದ್ದು ಮೆಟ್ಟಿಲು ಇಳಿಯುವಾಗ, ಆಮೇಲೆ ನೆಲದಿಂದ ಏಳುವಾಗ, ಕೊನೆಕೊನೆಗೆ ರಾತ್ರಿ ಮಗ್ಗುಲು ಬದಲಿಸುವಾಗಲೂ. ನಿಂತುಕೊಂಡು ತೆಗೆಸಿದ ಎಕ್ಸ್‌ರೇ ನೋಡಿ ಮೂಳೆ ಡಾಕ್ಟರು ಬಲಕ್ಕೆ ಗ್ರೇಡ್ 3, ಎಡಕ್ಕೆ ಗ್ರೇಡ್ 2 ಎಂದರು. ಕೆಲ್‌ಗ್ರೆನ್ ಮತ್ತು ಲಾರೆನ್ಸ್ ಎಂಬಿಬ್ಬರು 1957ರಲ್ಲಿ ಮಾಡಿಟ್ಟ ಕೀಲು ಸವೆತದ ಸೊನ್ನೆಯಿಂದ ನಾಲ್ಕರವರೆಗಿನ ಅಳತೆ ಅದು, ಇವತ್ತಿಗೂ ಅದೇ ಚಾಲ್ತಿಯಲ್ಲಿದೆ. ಗ್ರೇಡಿಗೂ ನೋವಿಗೂ ನೇರ ಲೆಕ್ಕ ಇಲ್ಲ ಅಂತಲೂ ಡಾಕ್ಟರೇ ಹೇಳಿದರು. ಗ್ರೇಡ್ 4 ಇಟ್ಟುಕೊಂಡು ಗದ್ದೆಗಿಳಿಯುವವರೂ ಅವರ ಹತ್ತಿರ ಬರುತ್ತಾರಂತೆ, ಗ್ರೇಡ್ 2ಕ್ಕೇ ಕೋಲು ಹಿಡಿದವರೂ ಬರುತ್ತಾರಂತೆ.

ನೋವಿನ ಮಾತ್ರೆ, ಡೈಕ್ಲೊಫೆನಾಕ್ ಮುಲಾಮು, ತೈಲ, ಮಂಡಿಗೆ ಹಾಕುವ ಪಟ್ಟಿ, ಕಮೋಡ್, ಕುರ್ಚಿಯಲ್ಲಿ ಕೂತು ಪೂಜೆ, ಇವೆಲ್ಲ ಎಲ್ಲರ ಮನೆಯಲ್ಲೂ ಆಗುವಂಥವೇ. ಮಾತ್ರೆ ಹೆಚ್ಚಾದರೆ ಶುಗರ್ ಇರುವವರ ಕಿಡ್ನಿಗೆ ಒಳ್ಳೆಯದಲ್ಲ ಎಂದು ಡಾಕ್ಟರು ಅದನ್ನು ನಿಲ್ಲಿಸಿದಾಗ ಇಂಜೆಕ್ಷನ್ನಿನ ಮಾತು ಬಂತು.

ಮೊದಲು ಹಾಕಿದ್ದು ಸ್ಟಿರಾಯ್ಡ್. ಹೆಸರು ಕೇಳಿಯೇ ಮನೆಯಲ್ಲಿ ಎಲ್ಲರ ಮುಖ ಸಣ್ಣದಾಯಿತು. ಆದರೆ ಮೂರೂ ಬಗೆಯ ಸೂಜಿಗಳಲ್ಲಿ ಅತ್ಯಂತ ಅಗ್ಗದ್ದು ಇದೇ. ಟ್ರಯಾಮ್ಸಿನೊಲೋನ್ 40 ಮಿಲಿಗ್ರಾಂನ ಸಣ್ಣ ಸೀಸೆಗೆ ಔಷಧದಂಗಡಿಯಲ್ಲಿ ನಾನು ಕೊಟ್ಟದ್ದು ಇನ್ನೂರು ರೂಪಾಯಿಯೊಳಗೆ.

ಮಂಚದ ಮೇಲೆ ಮಲಗಿಸಿ ಮಂಡಿಯ ಕೆಳಗೊಂದು ಸುತ್ತಿದ ಟವೆಲ್ ಇಟ್ಟರು. ಡಾಕ್ಟರು ಚಿಪ್ಪನ್ನು ಬೆರಳಿನಿಂದ ಆಚೀಚೆ ಸರಿಸಿ ನೋಡಿ, ಅದರ ಹೊರಬದಿಯ ಮೇಲಂಚಿನಲ್ಲಿ ಪೆನ್ನಿನ ತುದಿ ಒತ್ತಿ ಗುರುತು ಮಾಡಿದರು. ಕಂದು ಬಣ್ಣದ ಅಯೋಡಿನ್ ಬಳಿದು ಅದು ಒಣಗುವ ತನಕ ಕಾಯ್ದರು. ಆ ಕಾಯುವಿಕೆ ನನಗೆ ಹಿಡಿಸಿತು, ಸೋಂಕು ತಡೆಯುವುದು ಆ ಎರಡು ನಿಮಿಷವೇ ತಾನೆ. ಸೂಜಿ ಒಳಹೋದಾಗ ಚುಚ್ಚಿದ್ದಕ್ಕಿಂತ ಒತ್ತಿದ ಹಾಗಾಯಿತು. ಅವರು ಔಷಧ ತಳ್ಳಲಿಲ್ಲ, ಬದಲಿಗೆ ಪಿಸ್ಟನ್ ಹಿಂದಕ್ಕೆಳೆದರು. ಸಿರಿಂಜ್ ತುಂಬ ತಿಳಿ ಹಳದಿ ದ್ರವ ಬಂತು. ಅದನ್ನು ಖಾಲಿ ಮಾಡಿ ಮತ್ತೆ ಎಳೆದರು, ಮತ್ತೆ ಬಂತು.

ನಮ್ಮ ಕಡೆ ಮಂಡಿ ಸವೆದವರಿಗೆಲ್ಲ ಹೇಳುವ ಮಾತು ಒಂದೇ: ಗ್ರೀಸ್ ಖಾಲಿಯಾಗಿದೆ. ಹಾಗಂದವರೆಲ್ಲ ಆ ಹೊತ್ತು ಅಲ್ಲಿ ಬಂದು ನಿಲ್ಲಬೇಕಿತ್ತು. ಆರೋಗ್ಯವಾಗಿರುವ ಮಂಡಿಯೊಳಗೆ ಇರುವುದೇ ಒಂದು ಚಮಚದಷ್ಟೂ ಇಲ್ಲದ ಕೀಲುದ್ರವ. ಸವೆದು ಊದಿಕೊಂಡ ಮಂಡಿಯಲ್ಲಿ ಅದು ಎಷ್ಟೋ ಪಟ್ಟು ಹೆಚ್ಚಾಗಿರುತ್ತದೆ, ಆದರೆ ತೆಳ್ಳಗಾಗಿರುತ್ತದೆ. ಒಳಪೊರೆ ಉರಿಯೂತಗೊಂಡು ನೀರು ಸುರಿಸುತ್ತಿರುತ್ತದೆ. ಸ್ಟಿರಾಯ್ಡ್ ತಣಿಸುವುದು ಆ ಪೊರೆಯನ್ನು. ಸವೆದದ್ದನ್ನು ಅದು ಬೆಳೆಸುವುದಿಲ್ಲ.

ಸೂಜಿಯನ್ನು ಇದ್ದಲ್ಲೇ ಬಿಟ್ಟು ಸಿರಿಂಜ್ ಮಾತ್ರ ಬದಲಿಸಿ, ಹಾಲಿನ ಬಣ್ಣದ ಔಷಧವನ್ನು ಮರಗಟ್ಟಿಸುವ ಲಿಗ್ನೊಕೇನ್ ಜೊತೆ ಬೆರೆಸಿ ತಳ್ಳಿದರು. ಎದ್ದು ನಿಂತರೆ ನೋವೇ ಇಲ್ಲ! ನಾನು ಹಿಗ್ಗಿದ್ದು ನೋಡಿ ನರ್ಸಮ್ಮ, 'ಇದು ಲಿಗ್ನೊಕೇನ್‌ದು ಮೇಡಂ, ರಾತ್ರಿಗೆ ವಾಪಸ್ ಬರುತ್ತೆ, ಹೆದರ್ಕೋಬೇಡಿ' ಎಂದರು. ಹಾಗೇ ಆಯಿತು. ನಿಜವಾದ ಆರಾಮ ಶುರುವಾದದ್ದು ಎರಡು ಮೂರು ದಿನ ಬಿಟ್ಟು. ಜ್ವರ ಬಂದರೆ, ಮಂಡಿ ಕೆಂಪಾಗಿ ಬಿಸಿಯೇರಿದರೆ, ನೋವು ದಿನದಿಂದ ದಿನಕ್ಕೆ ಏರುತ್ತ ಹೋದರೆ ಕಾಯದೆ ಬರಬೇಕು ಅನ್ನುವುದನ್ನು ಚೀಟಿಯಲ್ಲೂ ಬರೆದುಕೊಟ್ಟಿದ್ದರು. ಕೀಲಿಗೆ ಸೋಂಕು ತಗಲುವುದು ಅಪರೂಪ, ತಗಲಿದರೆ ಮಾತ್ರ ತುರ್ತು.

ಶುಗರ್ ಇರುವವರಿಗೆ ಒಂದು ಮಾತು. ಬೆಳಗಿನ ಹೊತ್ತು 130ರ ಆಸುಪಾಸು ಇರುತ್ತಿದ್ದ ನನ್ನ ಶುಗರ್ ಮರುದಿನ 200 ದಾಟಿತು. ಊಟದ ನಂತರದ್ದು ಇನ್ನೂ ಮೇಲೆ. ಮಂಡಿಗೆ ಹಾಕಿದ ಸ್ಟಿರಾಯ್ಡ್ ಮಂಡಿಯಲ್ಲೇ ಕೂತಿರುವುದಿಲ್ಲ, ಸ್ವಲ್ಪ ರಕ್ತಕ್ಕೂ ಹೋಗುತ್ತದೆ. ವಾರದೊಳಗೆ ತಹಬಂದಿಗೆ ಬಂತು. ಮೊದಲೇ ಹೇಳಿದ್ದರಿಂದ ಗಾಬರಿಯಾಗಲಿಲ್ಲ. ಹೇಳದೆ ಹಾಕಿದ್ದರೆ ರಾತ್ರೋರಾತ್ರಿ ಆಸ್ಪತ್ರೆಗೆ ಓಡುತ್ತಿದ್ದೆವೋ ಏನೋ. ಮುಖ ಕೆಂಪೇರಿ ನಿದ್ದೆ ಬರದ ರಾತ್ರಿಯೂ ಒಂದು ಇತ್ತು.

ಹೆಚ್ಚೂಕಮ್ಮಿ ಎರಡು ತಿಂಗಳು ನಾನು ಮಂಡಿಯನ್ನು ಮರೆತಿದ್ದೆ. ಬ್ರಿಟನ್ನಿನ ನೈಸ್ ಸಂಸ್ಥೆಯ 2022ರ ಮಾರ್ಗಸೂಚಿಯಲ್ಲಿ ಸ್ಟಿರಾಯ್ಡಿನ ಉಪಶಮನ 2ರಿಂದ 10 ವಾರ ಎಂದಿದೆ, ನನ್ನದು ಅದರೊಳಗೇ ಬಂತು. ಆ ಅವಧಿಯನ್ನು ಬಳಸಿಕೊಂಡವರು ಫಿಜಿಯೋಥೆರಪಿಯ ಹುಡುಗಿ. ಅಲ್ಲಿಯವರೆಗೆ ನಾನು ವ್ಯಾಯಾಮ ಮಾಡುತ್ತಿರಲಿಲ್ಲವೆಂದಲ್ಲ, ಮಾಡಲು ಮಂಡಿ ಬಿಡುತ್ತಿರಲಿಲ್ಲ. 'ನೋವಿಲ್ಲದ ದಿನಗಳು ನನಗೆ ಕೊಡಿ, ಶಾಪಿಂಗಿಗೆ ಅಲ್ಲ' ಅಂದಳು. ಟವೆಲ್ ಸುರುಳಿಯನ್ನು ಮಂಡಿಯ ಕೆಳಗಿಟ್ಟು ಒತ್ತುವುದು, ಕಾಲನ್ನು ನೇರ ಎತ್ತಿ ಹಿಡಿಯುವುದು, ಕೈ ಊರದೆ ಕುರ್ಚಿಯಿಂದ ಏಳುವುದು. ಎಲ್ಲವೂ ತೊಡೆಯ ಮುಂದಿನ ಸ್ನಾಯುವಿಗೆ. ನೋಡಲು ಏನೇನೂ ಅಲ್ಲ, ಮಾಡಿದವರಿಗೇ ಗೊತ್ತು.

ನೋವು ತಿರುಗಿ ಬಂದಾಗ ಇನ್ನೊಂದು ಸ್ಟಿರಾಯ್ಡ್ ಹಾಕಿ ಎಂದು ನಾನೇ ಕೇಳಿದೆ. ಮೂರು ತಿಂಗಳ ಅಂತರ ಇರಲಿ, ವರ್ಷಕ್ಕೆ ಮೂರು ನಾಲ್ಕರ ಮೇಲೆ ಬೇಡ ಎಂದರು. ಕಾರಣ ಆಮೇಲೆ ನನ್ನ ತಂಗಿಯ ಮಗ ವಿವರಿಸಿದ. ಅವನು ಫಾರ್ಮಕಾಲಜಿಯಲ್ಲಿ ಎಂಡಿ ಮಾಡುತ್ತಿದ್ದಾನೆ, ನನ್ನ ಕಾಟಕ್ಕೆ ಸಂಶೋಧನಾ ಲೇಖನಗಳನ್ನು ಪ್ರಿಂಟ್ ಹಾಕಿ ತಂದುಕೊಡುತ್ತಾನೆ. ಅಮೆರಿಕದ ಬಾಸ್ಟನ್ನಿನ ಟಫ್ಟ್ಸ್ ಆಸ್ಪತ್ರೆಯವರು 140 ಜನರನ್ನು ಎರಡು ಗುಂಪು ಮಾಡಿ, ಒಂದಕ್ಕೆ ಮೂರು ತಿಂಗಳಿಗೊಮ್ಮೆ ನನಗೆ ಹಾಕಿದ್ದೇ ಔಷಧ, ಇನ್ನೊಂದಕ್ಕೆ ಬರೀ ಸಲೈನ್, ಹೀಗೆ ಎರಡು ವರ್ಷ ಕೊಟ್ಟರು. 2017ರಲ್ಲಿ ಜಾಮಾ ಎಂಬ ವೈದ್ಯಕೀಯ ಪತ್ರಿಕೆಯಲ್ಲಿ ಫಲಿತಾಂಶ ಬಂತು. ಸ್ಟಿರಾಯ್ಡ್ ಗುಂಪಿನವರ ಮೃದ್ವಸ್ಥಿ, ಅಂದರೆ ಕೀಲಿನಲ್ಲಿ ಮೂಳೆಗಳ ತುದಿಗಿರುವ ನುಣುಪಾದ ಮೆತ್ತೆ, 0.21 ಮಿಲಿಮೀಟರ್ ತೆಳುವಾಗಿತ್ತು, ಸಲೈನ್ ಗುಂಪಿನವರದ್ದು 0.10. ಎರಡು ವರ್ಷದ ಕೊನೆಗೆ ನೋವಿನಲ್ಲಿ ಮಾತ್ರ ಗಣನೀಯ ವ್ಯತ್ಯಾಸವಿರಲಿಲ್ಲ. ಇದನ್ನು ಓದಿ ಸ್ಟಿರಾಯ್ಡ್ ವಿಷ ಎಂದುಕೊಳ್ಳಬೇಕಾಗಿಲ್ಲ. ಊದಿದ ಮಂಡಿಗೆ ಅಪರೂಪಕ್ಕೊಮ್ಮೆ ಹಾಕುವುದು ಬೇರೆ, ತಿಂಗಳ ರೇಷನ್ನಿನ ಹಾಗೆ ಹಾಕಿಸಿಕೊಳ್ಳುವುದು ಬೇರೆ.

ಮುಂದಿನದು ಜೆಲ್. ಹೈಯಲುರಾನಿಕ್ ಆಮ್ಲ ಅದರ ಹೆಸರು. ಕೀಲುದ್ರವಕ್ಕೆ ಸಹಜವಾಗಿ ಜಿಗುಟು ಕೊಡುವ ವಸ್ತು ಇದೇ. ವಾರಕ್ಕೊಂದರಂತೆ ಮೂರು ಸಲ ಹಾಕುವುದೂ ಇದೆ, 6 ಮಿಲಿ ಒಂದೇ ಸಲ ಹಾಕುವುದೂ ಇದೆ. ನಾನು ಎರಡನೆಯದನ್ನು ಆರಿಸಿದೆ. ಇದರ ಬಿಲ್ಲು ಹದಿನೈದು ಸಾವಿರದ ಹತ್ತಿರ ಬಂತು. ದಾಖಲಾಗದೆ ಪಡೆದ ಚಿಕಿತ್ಸೆ ಎಂದು ನಮ್ಮ ಆರೋಗ್ಯ ವಿಮೆಯವರು ಒಂದು ರೂಪಾಯಿ ಕೊಡಲಿಲ್ಲ.

ನಡುವೆ ಒಂದು ಪ್ರಸಂಗ. ಈ ಜೆಲ್‌ಗಳಲ್ಲಿ ಕೆಲವನ್ನು ಹುಂಜದ ಜುಟ್ಟಿನಿಂದ ತೆಗೆಯುತ್ತಾರೆ ಎಂದು ಎಲ್ಲೋ ಓದಿದ್ದ ನಮ್ಮ ಅತ್ತೆಯವರು, 'ಏನು ಚುಚ್ಚಿಸ್ಕೊಂಡು ಬರ್ತಿದ್ದೀಯೇ' ಎಂದು ಕೇಳಿದರು. ಸಸ್ಯಾಹಾರದ ಪ್ರಶ್ನೆ ಪಕ್ಕಕ್ಕಿರಲಿ, ಕೋಳಿ ಮೊಟ್ಟೆ ಅಲರ್ಜಿ ಇರುವವರಿಗೆ ಇದು ಮುಖ್ಯವಾದ ಪ್ರಶ್ನೆಯೇ. ಡಾಕ್ಟರು ಡಬ್ಬಿ ತಿರುಗಿಸಿ ಓದಿ, ಇದು ಬ್ಯಾಕ್ಟೀರಿಯಾ ಹುದುಗಿಸಿ ಮಾಡಿದ್ದು ಎಂದರು. ಅತ್ತೆಯವರಿಗೆ ಅದೂ ಅಷ್ಟೇನೂ ಸಮಾಧಾನ ತರಲಿಲ್ಲ.

ಜೆಲ್ ಗಟ್ಟಿ, ತಳ್ಳಲು ಹೊತ್ತು ಹಿಡಿಯುತ್ತದೆ. ಒಳಗೆ ಏನೋ ತುಂಬಿಕೊಂಡ ಹಾಗೆ ಬಿಗಿತ. ಆ ರಾತ್ರಿ ಮಂಡಿ ಊದಿತು, ಮರುದಿನವೂ ಐಸ್ ಇಟ್ಟುಕೊಂಡು ಕೂತಿದ್ದೆ. ಇದು ತಕ್ಷಣ ಕೆಲಸ ಮಾಡುವುದಿಲ್ಲ, ತಿಂಗಳು ಬೇಕು ಎಂದಿದ್ದರು. ತಿಂಗಳ ಮೇಲೆ ಸ್ವಲ್ಪ ಹಗುರವಾದದ್ದು ನಿಜ. ಸ್ಟಿರಾಯ್ಡ್ ಕೊಟ್ಟಷ್ಟು ಅಲ್ಲ, ಆದರೆ ಅದಕ್ಕಿಂತ ಹೆಚ್ಚು ಕಾಲ ಉಳಿಯಿತು.

ಉಳಿಸಿದ್ದು ಜೆಲ್ಲೇ ಎಂದು ಹೇಳುವುದು ಹೇಗೆ? ಅಷ್ಟರಲ್ಲಿ ತೊಡೆಯ ಸ್ನಾಯು ಗಟ್ಟಿಯಾಗಿತ್ತು. ನಾಲ್ಕು ಕೆಜಿ ತೂಕ ಇಳಿದಿತ್ತು. ಒಂದು ಕೆಜಿ ಇಳಿದರೆ ಪ್ರತಿ ಹೆಜ್ಜೆಗೂ ಮಂಡಿಯ ಮೇಲೆ ನಾಲ್ಕು ಕೆಜಿ ಭಾರ ಕಡಿಮೆಯಾಗುತ್ತದೆಂದು ಅಳೆದು ನೋಡಿದವರಿದ್ದಾರೆ. ಎಲ್ಲಕ್ಕಿಂತ ಮುಖ್ಯವಾಗಿ, ಈ ಕಾಯಿಲೆಯಲ್ಲಿ ನೋವು ತಾನಾಗಿಯೇ ಏರುತ್ತದೆ, ತಾನಾಗಿಯೇ ಇಳಿಯುತ್ತದೆ. ನಾವು ಡಾಕ್ಟರ ಹತ್ತಿರ ಓಡುವುದು ಅದು ನೆತ್ತಿಗೇರಿದ ದಿನ. ಆ ದಿನ ಏನು ಚುಚ್ಚಿದರೂ, ಏನೂ ಚುಚ್ಚದಿದ್ದರೂ, ಮುಂದಿನ ತಿಂಗಳು ಅದಕ್ಕಿಂತ ವಾಸಿ ಇರುವ ಸಾಧ್ಯತೆಯೇ ಹೆಚ್ಚು. ಪಾಠ ಮಾಡುವಾಗ ಮಕ್ಕಳಿಗೆ ಒಂದು ಪ್ರಯೋಗದಲ್ಲಿ ಒಂದನ್ನೇ ಬದಲಿಸಬೇಕು ಎಂದು ಹೇಳುತ್ತಿದ್ದೆ. ನನ್ನ ಮಂಡಿಯಲ್ಲಿ ಒಟ್ಟಿಗೇ ಐದಾರು ಬದಲಾಗಿದ್ದವು.

ತಂಗಿಯ ಮಗ ತಂದುಕೊಟ್ಟ ಇನ್ನೊಂದು ಲೇಖನ ಬಿಎಂಜೆ ಎಂಬ ವೈದ್ಯಕೀಯ ಪತ್ರಿಕೆಯ 2022ರದು. ಜೆಲ್ ಮೇಲೆ ನಡೆದ 169 ಪ್ರಯೋಗಗಳನ್ನು, ಅಂದರೆ ಇಪ್ಪತ್ತೊಂದು ಸಾವಿರಕ್ಕೂ ಹೆಚ್ಚು ಜನರ ಮಾಹಿತಿಯನ್ನು ಒಟ್ಟುಗೂಡಿಸಿ ನೋಡಿದ್ದರು. ಸಲೈನ್ ಅಥವಾ ಬೇರೆ ಹುಸಿ ಚಿಕಿತ್ಸೆ ಪಡೆದವರಿಗಿಂತ ಜೆಲ್ ಹಾಕಿಸಿಕೊಂಡವರಿಗೆ ನೋವು ಕಡಿಮೆಯಾದದ್ದು ಹೌದು, ಆದರೆ ಎಷ್ಟು ಅಲ್ಪವೆಂದರೆ ರೋಗಿಯ ಅನುಭವಕ್ಕೆ ಬರುವಷ್ಟಲ್ಲ ಎಂಬುದು ಅವರ ತೀರ್ಮಾನ. ಹಾಗಿದ್ದರೆ ಮಾರ್ಗಸೂಚಿಗಳು ಒಂದೇ ಮಾತು ಹೇಳಬೇಕಲ್ಲ? ಹೇಳುವುದಿಲ್ಲ. 2019ರಲ್ಲಿ ಅಮೆರಿಕದ ಸಂಧಿವಾತ ತಜ್ಞರ ಕಾಲೇಜು ಮಂಡಿಗೆ ಜೆಲ್ ಸಾಮಾನ್ಯವಾಗಿ ಬೇಡ ಎಂದಿತು. ಅದೇ ವರ್ಷ ಕೀಲು ಸವೆತದ ಸಂಶೋಧಕರ ಓರ್ಸಿ ಎಂಬ ಅಂತರರಾಷ್ಟ್ರೀಯ ಸಂಸ್ಥೆ ಷರತ್ತಿನ ಮೇಲೆ ಹಾಕಬಹುದು ಎಂದಿತು. ನೈಸ್ ಕಡ್ಡಿ ಮುರಿದ ಹಾಗೆ ಕೊಡಬೇಡಿ ಎಂದಿತು. ನಮ್ಮ ಡಾಕ್ಟರಿಗೆ ಇದನ್ನು ತೋರಿಸಿದೆ. ಅವರು ಸಿಟ್ಟಾಗಲಿಲ್ಲ. 'ಶುಗರ್ ಇರೋರಿಗೆ ಪದೇಪದೇ ಸ್ಟಿರಾಯ್ಡ್ ಹಾಕೋಕಾಗಲ್ಲ, ಮಾತ್ರೆ ಕೊಡೋಕಾಗಲ್ಲ, ಆಪರೇಷನ್ನಿಗೆ ಇನ್ನೂ ಮನಸ್ಸಿಲ್ಲ ಅಂತೀರಿ, ನಾನು ಇನ್ನೇನು ಕೊಡಲಿ ಹೇಳಿ' ಎಂದರು. ಅದೂ ನ್ಯಾಯವೇ. ಆದರೆ ಹದಿನೈದು ಸಾವಿರ ಕೈಬಿಡುವ ಮುಂಚೆ ಈ ಮಾತುಕತೆ ಆಗುವುದು ಒಳ್ಳೆಯದು ಅನ್ನಿಸುತ್ತದೆ. ಎರಡನೇ ಸಲ ನಾನು ಜೆಲ್ ಹಾಕಿಸಿಕೊಳ್ಳಲಿಲ್ಲ.

ಮೂರನೆಯದು ಪಿಆರ್‌ಪಿ, ಅಂದರೆ ರೋಗಿಯದೇ ರಕ್ತದಿಂದ ಬೇರ್ಪಡಿಸಿದ, ಪ್ಲೇಟ್‌ಲೆಟ್ ಹೆಚ್ಚಿರುವ ಪ್ಲಾಸ್ಮಾ. ಅದು ನನ್ನ ಮಂಡಿಗಲ್ಲ, ಮೈಸೂರಿನಲ್ಲಿರುವ ನಾದಿನಿಯ ಮಂಡಿಗೆ. ಜೊತೆಗೆ ಹೋಗಿದ್ದೆ. ಒಂದು ವಾರ ಮುಂಚೆಯೇ ನೋವಿನ ಮಾತ್ರೆ ನಿಲ್ಲಿಸಲು ಹೇಳಿದ್ದರು, ಆ ಮಾತ್ರೆಗಳು ಪ್ಲೇಟ್‌ಲೆಟ್‌ಗಳ ಕೆಲಸಕ್ಕೆ ಅಡ್ಡ ಬರುತ್ತವೆ. ತೋಳಿನಿಂದ ರಕ್ತ ತೆಗೆದು ಸೆಂಟ್ರಿಫ್ಯೂಜಿನಲ್ಲಿ ಗಿರಗಿರನೆ ತಿರುಗಿಸಿದರು. ನಿಂತ ಮೇಲೆ ಟೆಕ್ನಿಶಿಯನ್ ಕೊಳವೆಯನ್ನು ಬೆಳಕಿಗೆ ಹಿಡಿದು ತೋರಿಸಿದ. ಕೆಳಗೆ ಕಡುಗೆಂಪು, ನಡುವೆ ಹಾಳೆಯಷ್ಟು ತೆಳ್ಳಗಿನ ಬಿಳಿ ಪದರ, ಮೇಲೆ ತಿಳಿ ಹಳದಿ ಪ್ಲಾಸ್ಮಾ. ಆ ಪದರದ ಆಸುಪಾಸಿನಿಂದ ಹುಷಾರಾಗಿ ಸಿರಿಂಜಿಗೆ ಎಳೆದುಕೊಂಡು ಅವಳದೇ ಮಂಡಿಗೆ ಚುಚ್ಚಿದರು. ಅವಳು 'ಅಯ್ಯಮ್ಮಾ' ಎಂದದ್ದು ಹೊರಗೆ ಕೂತವರಿಗೂ ಕೇಳಿಸಿರಬೇಕು. ಮೊದಲ ಎರಡು ದಿನ ನೋವು ಹೆಚ್ಚೇ ಆಯಿತು. ಒಟ್ಟು ಮೂರು ಸಲ ಹಾಕಿದರು, ಪ್ರತಿ ಸಲಕ್ಕೂ ಸಾವಿರಗಳ ಲೆಕ್ಕ.

ನಮ್ಮದೇ ರಕ್ತ, ಅಡ್ಡಪರಿಣಾಮ ಇಲ್ಲ, ಮೃದ್ವಸ್ಥಿ ಮತ್ತೆ ಬೆಳೆಯುತ್ತೆ: ಕ್ಲಿನಿಕ್ಕಿನ ಗೋಡೆಯ ಪೋಸ್ಟರ್ ಹೇಳುತ್ತಿದ್ದದ್ದು ಇದು. ಇದರಲ್ಲಿ ಮೂರನೆಯದು ನನ್ನನ್ನು ಕೆಣಕಿತು. ಆಸ್ಟ್ರೇಲಿಯಾದಲ್ಲಿ ಇದನ್ನೇ ಪರೀಕ್ಷಿಸಿದ್ದರು. 288 ಜನ, ಗ್ರೇಡ್ 2 ಅಥವಾ 3, ವಾರಕ್ಕೊಂದರಂತೆ ಮೂರು ಇಂಜೆಕ್ಷನ್. ಅರ್ಧ ಜನರಿಗೆ ಪಿಆರ್‌ಪಿ, ಅರ್ಧ ಜನರಿಗೆ ಸಲೈನ್, ಯಾರಿಗೆ ಯಾವುದೆಂದು ಅವರಿಗೂ ಗೊತ್ತಿಲ್ಲ. 2021ರಲ್ಲಿ ಜಾಮಾದಲ್ಲಿ ಪ್ರಕಟವಾದ ಫಲಿತಾಂಶದ ಪ್ರಕಾರ ಒಂದು ವರ್ಷದ ನಂತರ ಹತ್ತರ ಅಳತೆಯಲ್ಲಿ ಪಿಆರ್‌ಪಿಯವರ ನೋವು 2.1 ಅಂಕ ಇಳಿದಿತ್ತು, ಸಲೈನಿನವರದ್ದು 1.8. ಎಂಆರ್‌ಐಯಲ್ಲಿ ಮೃದ್ವಸ್ಥಿಯ ಸವೆತಕ್ಕೂ ಹೇಳಿಕೊಳ್ಳುವ ಅಂತರವಿಲ್ಲ. ಪಿಆರ್‌ಪಿ ಜೆಲ್‌ಗಿಂತ ಮೇಲು ಎನ್ನುವ ಸಣ್ಣ ಅಧ್ಯಯನಗಳೂ ಇವೆ. ತೊಡಕೆಂದರೆ ಪಿಆರ್‌ಪಿ ಎನ್ನುವುದು ಒಂದೇ ವಸ್ತುವಲ್ಲ. ಎಷ್ಟು ರಕ್ತ, ಎಷ್ಟು ಸುತ್ತು, ಕೊನೆಗೆ ಎಷ್ಟು ಪ್ಲೇಟ್‌ಲೆಟ್, ಬಿಳಿ ರಕ್ತಕಣ ಇದೆಯೋ ಇಲ್ಲವೋ, ಒಂದೊಂದು ಕ್ಲಿನಿಕ್ಕಿನದು ಒಂದೊಂದು ಪದ್ಧತಿ.

ಇದನ್ನು ನಾದಿನಿಗೆ ಓದಿ ಹೇಳಿದೆ. ಅವಳಿಗೆ ಆಗಲೇ ಆರಾಮ ಆಗಿತ್ತು, ಬೆಳಗಿನ ವಾಕಿಂಗ್ ಮತ್ತೆ ಶುರು ಮಾಡಿದ್ದಳು. ಕೇಳಿಸಿಕೊಂಡು, 'ಬರೀ ಉಪ್ಪುನೀರು ಹಾಕಿದ್ರೂ ಹೆಚ್ಚುಕಮ್ಮಿ ಅಷ್ಟೇ ನೋವು ಇಳಿದಿದೆ ಅಂದ್ಯಲ್ಲ, ಹಾಗಾದ್ರೆ ನನಗೂ ಉಪ್ಪುನೀರೇ ಸಾಕಿತ್ತು. ಆದ್ರೆ ಉಪ್ಪುನೀರು ಹಾಕ್ತೀನಿ ಅಂತ ಹೇಳಿ ಹಾಕೋ ಡಾಕ್ಟರು ಎಲ್ಲಿದ್ದಾರೆ ಹೇಳು?' ಎಂದಳು. ನನ್ನ ಹತ್ತಿರ ಉತ್ತರ ಇರಲಿಲ್ಲ. ಅವಳ ಆರಾಮ ಸುಳ್ಳಲ್ಲ. ಅದರ ಯಶಸ್ಸು ಯಾರಿಗೆ ಸಲ್ಲಬೇಕು ಎಂಬುದಷ್ಟೇ ಪ್ರಶ್ನೆ, ಅವಳಿಗೆ ಆ ಪ್ರಶ್ನೆಯಲ್ಲಿ ಆಸಕ್ತಿ ಇಲ್ಲ.

ಸ್ಟೆಮ್ ಸೆಲ್ ಬಗ್ಗೆ ಕೇಳುವವರು ತುಂಬ ಜನ. ಬೆಂಗಳೂರಿನ ಸ್ಟೆಂಪ್ಯೂಟಿಕ್ಸ್ ಸಂಸ್ಥೆ ಅಸ್ಥಿಮಜ್ಜೆಯಿಂದ ಸಿದ್ಧಪಡಿಸಿದ ಒಂದು ಉತ್ಪನ್ನಕ್ಕೆ 2022ರಲ್ಲಿ ದೇಶದ ಔಷಧ ನಿಯಂತ್ರಕರು ಮಂಡಿ ಸವೆತಕ್ಕೆ ಬಳಸಲು ಒಪ್ಪಿಗೆ ಕೊಟ್ಟಿದ್ದಾರೆ. ಆ ಒಪ್ಪಿಗೆ ಆ ಒಂದು ಉತ್ಪನ್ನಕ್ಕೆ. ಸ್ಟೆಮ್ ಸೆಲ್ ಎಂದು ಬೋರ್ಡು ಹಾಕಿದ ಎಲ್ಲದಕ್ಕೂ ಅಲ್ಲ, ಜಾಹೀರಾತು ನೋಡುವಾಗ ಈ ವ್ಯತ್ಯಾಸ ಗಮನಿಸಬೇಕು. ನಾನು ಖರ್ಚು ವಿಚಾರಿಸಿ ಅಲ್ಲಿಗೇ ಬಿಟ್ಟೆ.

ಈ ಎಲ್ಲ ಓದಿನಲ್ಲಿ ನನ್ನ ಮನಸ್ಸಿನಲ್ಲಿ ಉಳಿದದ್ದು ಸೂಜಿಯದಲ್ಲದ ಒಂದು ಗೆಲುವು. ಅಮೆರಿಕದ ಸೇನಾ ಆಸ್ಪತ್ರೆಗಳಲ್ಲಿ 156 ಜನರಿಗೆ ಸ್ಟಿರಾಯ್ಡ್ ಇಲ್ಲವೇ ಫಿಜಿಯೋಥೆರಪಿ ಕೊಟ್ಟು ಒಂದು ವರ್ಷ ನೋಡಿದರು. ನೋವು, ಬಿಗಿತ, ಓಡಾಟ ಎಲ್ಲ ಸೇರಿಸಿ 240ಕ್ಕೆ ಕೊಡುವ ಅಂಕದಲ್ಲಿ, ಕಡಿಮೆ ಇದ್ದಷ್ಟೂ ಒಳ್ಳೆಯದು, ಸ್ಟಿರಾಯ್ಡಿನವರದ್ದು 55.8ಕ್ಕೆ ನಿಂತಿತು, ಫಿಜಿಯೋದವರದ್ದು 37ಕ್ಕೆ ಇಳಿಯಿತು. 2020ರ ನ್ಯೂ ಇಂಗ್ಲೆಂಡ್ ಜರ್ನಲ್ ಆಫ್ ಮೆಡಿಸಿನ್‌ನಲ್ಲಿ ಇದೆ. ಫಿಜಿಯೋ ಹುಡುಗಿಗೆ ಹೇಳಿದರೆ ಆ ಪುಟವನ್ನು ಲ್ಯಾಮಿನೇಟ್ ಮಾಡಿಸಿ ಗೋಡೆಗೆ ಹಾಕಿಬಿಟ್ಟಳು. ನನ್ನ ಎಡ ಮಂಡಿ ಇವತ್ತಿಗೂ ಯಾವ ಸೂಜಿಯನ್ನೂ ಕಂಡಿಲ್ಲ. ಅದಕ್ಕೆ ವ್ಯಾಯಾಮ ಮಾತ್ರ, ಅದು ಸುಮ್ಮನಿದೆ.

ಬಲದ್ದು ಹಾಗಿಲ್ಲ. ಈಗ ಗ್ರೇಡ್ 4ರ ಅಂಚಿನಲ್ಲಿದೆ, ಮಂಡಿ ಬದಲಿಸುವ ಮಾತು ನಡೆದಿದೆ. 2017ರಲ್ಲಿ ಕೇಂದ್ರ ಸರ್ಕಾರ ಕೃತಕ ಮಂಡಿಯ ಬೆಲೆಗೆ ಮಿತಿ ಹಾಕಿದ ಮೇಲೆ ಬಿಲ್ಲಿನ ಆ ಭಾಗವಾದರೂ ಹಿಡಿತಕ್ಕೆ ಬಂದಿದೆ. ಮೇ ತಿಂಗಳಲ್ಲಿ ನಾದಿನಿಯ ಮಗಳ ಮದುವೆ. ಅಷ್ಟು ಹೊತ್ತು ನಿಲ್ಲಬೇಕು, ಧಾರೆಯ ಮಂಟಪ ಹತ್ತಿ ಇಳಿಯಬೇಕು. ಮದುವೆಗೆ ಮುಂಚೆ ಒಂದು ಸ್ಟಿರಾಯ್ಡ್ ಹಾಕಿಸಿಕೊಳ್ಳಲೇ ಎಂದು ಡಾಕ್ಟರನ್ನು ಕೇಳಿದೆ. ಸ್ಟಿರಾಯ್ಡ್ ಹಾಕಿ ಮೂರು ತಿಂಗಳಾಗದೆ ಅದೇ ಮಂಡಿಗೆ ಆಪರೇಷನ್ ಮಾಡುವುದಿಲ್ಲ, ಸೋಂಕಿನ ಅಪಾಯ ಹೆಚ್ಚಾಗುತ್ತದೆ, ಯೋಚಿಸಿ ಹೇಳಿ ಎಂದರು. ನಾನು ಯೋಚಿಸುವುದೇನೂ ಇರಲಿಲ್ಲ. ಏಪ್ರಿಲ್ ಕೊನೆಗೆ ಸೂಜಿ, ಆಪರೇಷನ್ ಆಗಸ್ಟಿಗೆ. ಡಾಕ್ಟರು ಡೈರಿಯಲ್ಲಿ ಬರೆದುಕೊಂಡು, ಸೂಜಿ ಹಾಕಿದ ವಾರ ದಿನಕ್ಕೆರಡು ಸಲ ಶುಗರ್ ನೋಡಿಕೊಳ್ಳಿ, ಮದುವೆಮನೆಯಲ್ಲಿ ಹೋಳಿಗೆ ಒಂದಕ್ಕೆ ನಿಲ್ಲಲಿ ಎಂದರು. ಅರ್ಧ ಎಂದಿದ್ದರೆ ಚೌಕಾಸಿ ಮಾಡುತ್ತಿದ್ದೆ.